ಮುಷ್ಟಿಯಲ್ಲಿ ಬಾಡಿದ ಎಲೆ

ಮಾತ್ರೆಗಳು ಕೆಲಸ ಮಾಡುವುದು ನಿಂತ ಮೇಲೆ ಆಸ್ಪತ್ರೆಯಲ್ಲಿ ಕಷಾಯವೇ ಗತಿ. ಕುಡಿಸುವ ನರ್ಸಿಗೆ ನಂಬಿಕೆಯಿದ್ದರೆ ಅದು ಔಷಧಿ, ಇಲ್ಲದಿದ್ದರೆ ಬರೀ ಕಹಿನೀರು. ಅದಕ್ಕೇ ಕುಡಿಸುವ ಮುನ್ನ ಅವರು ಅಮೃತಬಳ್ಳಿಯ ಎಲೆಯೊಂದನ್ನು ಅಂಗೈಯಲ್ಲಿ ಹಿಡಿದು ನೋಡಬೇಕು. ನಂಬಿಕೆ ಹೋದ ಕೈಯಲ್ಲಿ ಎಲೆ ಬಾಡುತ್ತದೆ. ಹಾಗೆ ಬಾಡಿಸಿದವರನ್ನೆಲ್ಲ ಬಟ್ಟೆ ಒಗೆಯಲು ಕಳಿಸಿ, ಮಕ್ಕಳ ವಾರ್ಡಿನಲ್ಲಿ ಈಗ ಉಳಿದವಳು ಸುಲೋಚನಾ ಒಬ್ಬಳೇ.

ನಿನ್ನೆ ಅವಳ ಎಲೆ ಹಸಿರಾಗಿಯೇ ಇತ್ತು. ಆದರೂ ಅವಳು ಕಷಾಯ ಕುಡಿಸಿದ ಮಗುವೊಂದು ಉಳಿಯಲಿಲ್ಲ.

ಇಂದು ಎಲೆ ಹಿಡಿದು ನಿಂತವಳನ್ನು ನೋಡಿ ಪಕ್ಕದ ಮಂಚದ ನೀಲವ್ವ ನಕ್ಕಳು. ಅವಳ ಮಡಿಲಲ್ಲಿ ಮಗಳು ಜ್ವರದಿಂದ ಸುಡುತ್ತಿದ್ದಳು.

“ಏನ್ರೀ ಸಿಸ್ಟರ್, ಹೆಣ್ಣು ನೋಡಾಕ ಬಂದೋರಂಗ ಎಲಿ ನೋಡಾಕತ್ತೀರಲ್ಲ! ಲಗೂನ ಕುಡಸ್ರಿ.”

ಅಂಗೈಯಲ್ಲಿ ಎಲೆ ಮೆತ್ತಗಾಗಿ ಮುದುಡಿತು. ಸುಲೋಚನಾ ಮುಷ್ಟಿ ಬಿಗಿದಳು.

“ನೀವೇ ಕುಡಸ್ತೀರೇನ್ರೀ ಅಕ್ಕಾ?”

“ನನಗೆಲ್ಲಿ ನಂಬಿಕಿ ಐತ್ರೀ? ಎರಡು ಮಕ್ಕಳನ್ನ ಮಣ್ಣಾಗ ಇಟ್ಟಾಕಿ ನಾನು. ನಿಮ್ಮ ಕೈ ಅಂದ್ರ ಧೈರ್ಯ.”

ಸುಲೋಚನಾ ಮಗುವಿನ ತಲೆಯನ್ನು ತೋಳಿಗೆ ಒರಗಿಸಿಕೊಂಡು, ಕಷಾಯವನ್ನು ಊದಿ ಆರಿಸಿ, ಹನಿಯೂ ಚೆಲ್ಲದಂತೆ ಕುಡಿಸಿದಳು.

“ಇನ್ನ ಆರಾಮ ಆಕ್ಕಾಳ” ಎಂದು ನೀಲವ್ವ ಮಗಳ ಬಾಯಿ ಒರೆಸಿದಳು.

ಸುಲೋಚನಾ ಮುಷ್ಟಿ ತೆರೆಯಲಿಲ್ಲ.