ಅರವತ್ತೇಳನೆಯ ಸಾಲು

ಅರವತ್ತಾರು ಸಾಲು ಮುಗಿದವು. ಸಾಲಿಗೆ ಅರವತ್ತರಂತೆ, ಅರಗಿನ ಬಣ್ಣ ಹಚ್ಚಿದ ಮರದ ಮಣಿಗಳು ಚಾಪೆಯ ಮೇಲೆ ಹೊಳೆಯುತ್ತಿದ್ದವು. ಹೆಣ್ಣು ನೋಡಲು ಹಾರೋಹಳ್ಳಿಯಿಂದ ಚನ್ನಪಟ್ಟಣಕ್ಕೆ ಬಂದ ರೇಣುಕಾಪ್ರಸಾದ್ ಉಪ್ಪಿಟ್ಟನ್ನೂ ಮುಟ್ಟದೆ ಬೆಳಗಿನಿಂದ ಮಂಡಿಯೂರಿ ಕೂತಿದ್ದ. ಕವನಳ ಷರತ್ತು ಒಂದೇ ಆಗಿತ್ತು.

"ನಾಲ್ಕು ಸಾವಿರದ ಹತ್ತೊಂಬತ್ತು ಮಣಿ ಐತೆ. ಸಮಸಮ ಸಾಲು ಮಾಡಿ. ಒಂದೂ ಮಿಗಬಾರ್ದು, ಒಂದೂ ಸಾಲ್ದೆ ಬರಬಾರ್ದು. ಆದ್ರೆ ಮದುವೆಗೆ ಹೂಂ ಅಂತೀನಿ."

"ಒಂದೇ ಉದ್ದ ಸಾಲು ಮಾಡ್ಬುಡ್ಲಾ?"

"ಮಾಡಿ, ಬಸ್‌ಸ್ಟ್ಯಾಂಡ್ ತಂಕ ಹೋಯ್ತದೆ. ಚಾಪೆ ಮೇಲೇ ಆಗ್ಬೇಕು."

ಪಕ್ಕದ ಕೋಣೆಯಲ್ಲಿ ಲೇತು ಗುಂಯ್ ಎನ್ನುತ್ತಿತ್ತು. ಕವನ ಬಾಗಿಲಿಗೊರಗಿ ಅರೆಗನಸಿನಲ್ಲಿದ್ದಳು. ಆ ಸಂಖ್ಯೆಯೇ ಅವಳ ಹೀರೊ. ಹಿಂದಿನ ಮನೆಯ ನಾಲ್ಕು ಸಾವಿರದ ಹದಿನೆಂಟು, ಏಳು ಬಂದು ತಟ್ಟಿದರೆ ಬಾಗಿಲು ತೆಗೆಯುತ್ತದೆ. ಮುಂದಿನ ಮನೆಯ ನಾಲ್ಕು ಸಾವಿರದ ಇಪ್ಪತ್ತು, ಒಂದಲ್ಲ ಎರಡಲ್ಲ, ಇಪ್ಪತ್ನಾಲ್ಕು ಭಾಜಕಗಳಿಗೆ ಬಾಗುತ್ತದೆ. ನಡುವಿನದು ಮಾತ್ರ ಅವಿಭಾಜ್ಯ. ಒಂದಕ್ಕೂ ತನಗೂ ಬಿಟ್ಟರೆ ಯಾರಿಗೂ ಭಾಗವಾಗದೆ, ಕಾಲರ್ ಎತ್ತಿಕೊಂಡು, ಸ್ಲೋ ಮೋಷನ್ನಿನಲ್ಲಿ ಮೈಸೂರಿನ ಕಡೆ ನಡೆದುಹೋಗುತ್ತಿತ್ತು. ಅಲ್ಲಿ ಅವಳಿಗೆ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಸೋಮವಾರ ಸೇರದಿದ್ದರೆ ಅದು ಬೇರೆಯವರ ಪಾಲು. ಇರಲಿ, ಈ ಕೊನೆಯ ಸಾಲಿನಲ್ಲಿ ಒಂದು ಜಾಗ ಖಾಲಿ ಉಳಿದೇ ಉಳಿಯುತ್ತದೆ.

ಗೊಂಬೆ ಮಾಡುವ ಅವಳಪ್ಪ ರುದ್ರಯ್ಯ ಇಣುಕಿ ನೋಡಿದ. "ಪ್ರಸಾದಪ್ಪ, ಮಣಿ ಸಾಲ್ದು ಅಂತ ಯೋಚ್ನೆ ಬ್ಯಾಡಿ. ನಾನೇ ಎಣಿಸಿಟ್ಟಿದ್ದು. ಮೂವತ್ತು ವರ್ಸದಿಂದ ಬರೀ ಲೆಕ್ಕಕ್ಕೆ ಕೊಟ್ಟೋನಲ್ಲ ನಾನು. ಮೇಲೊಂದು ಕೊಸರು ಹಾಕಿವ್ನಿ." ಹೆಂಡತಿ ಮೀನಾಕ್ಷಮ್ಮನಿಗೂ ತೋರಿಸಬೇಕೆಂದು ಕರೆಯಲು ಒಳಗೆ ಹೋದ.

ಕವನ ಮನಸ್ಸಿನಲ್ಲೇ ಮತ್ತೆ ಲೆಕ್ಕ ಹಾಕಿದಳು. ಒಂದು ಸೇರಿದರೆ ನಾಲ್ಕು ಸಾವಿರದ ಇಪ್ಪತ್ತು. ಅರವತ್ತರಂತೆ ಅರವತ್ತೇಳು ಸಾಲು, ಎಲ್ಲವೂ ಭರ್ತಿ.

"ಏನ್ರೀ, ಕ್ಲೈಮ್ಯಾಕ್ಸಲ್ಲಿ ಹೀರೋಯಿನ್ ಮುಖ ಹಿಂಗಿರಲ್ಲ," ಎಂದ ಪ್ರಸಾದ್.

"ಆ ಕೊಸರು ಇಲ್ದಿದ್ರೆ ಇದು ಯಾರ್ ಕೈಲೂ ಆಯ್ತಿರ್ಲಿಲ್ಲ."

ಅವನ ಕೈ ನಿಂತಿತು. "ಅಂದ್ರೆ ನಾನು ಸೋಲ್ಲಿ ಅಂತಾನೇ ಕೂರ್ಸಿದ್ದು?"

"ನೀವು ಅಂತಲ್ಲ. ಯಾರ್ ಬಂದಿದ್ರೂ ಅಷ್ಟೇ. ನಾನು ಓದಕ್ಕೆ ಮೈಸೂರಿಗೆ ಹೋಗ್ಬೇಕು."

"ಬೆಳಗ್ಗೇನೇ ಹೇಳಿದ್ರೆ ಮಂಡಿನಾದ್ರೂ ಉಳೀತಿತ್ತು."

ಮತ್ತೆ ಒಂದೊಂದಾಗಿ ಇಟ್ಟ. ಕೊನೆಗೆ ಒಂದೇ ಜಾಗ, ಒಂದೇ ಮಣಿ, ಕುಂಕುಮದ ಕೆಂಪು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ. ಅವಳನ್ನೊಮ್ಮೆ ನೋಡಿದ. ಬಲಗೈ ಮುಷ್ಟಿ ಮೆಲ್ಲಗೆ ಮುಚ್ಚಿಕೊಂಡಿತು.

"ಒಂದು ಕಮ್ಮಿ ಬಂತು ಯಜಮಾನ್ರೇ," ಎಂದ, ಒಳಬಂದ ರುದ್ರಯ್ಯನಿಗೆ.

ರುದ್ರಯ್ಯ ಚಾಪೆಯಡಿ, ಮಂಚದಡಿ ಹುಡುಕತೊಡಗಿದ. ಮೀನಾಕ್ಷಮ್ಮ ಕಾಫಿ ಲೋಟ ಮುಂದೆ ಹಿಡಿದಳು. ಪ್ರಸಾದ್ ಎಡಗೈ ಚಾಚಿ ತೆಗೆದುಕೊಂಡ.

ಆಕೆ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು: "ಹೋಗ್ಲಿ ಬುಡವ್ವ. ಎಡಗೈಲಿ ಕಾಫಿ ಈಸ್ಕೊಳೋ ಗಂಡು ನಮಗ್ಯಾಕೆ."