ಎದುರಿನ ರೂಮಿನ ಗುಟ್ಟು

ತಮ್ಮ ಪೋಕರ್ ರೂಮಿನ ಹಿಂಬದಿಯ ಮೆಟ್ಟಿಲನ್ನು ಅರ್ಧ ಹತ್ತಿದ್ದ ಮೇಷ್ಟ್ರು ಅಲ್ಲೇ ನಿಂತುಬಿಟ್ಟರು. ಮೇಲೆ, ಚಹಾ ಕಾಯಿಸುವ ಕೋಣೆಯ ಬಾಗಿಲು ಓರೆಯಾಗಿತ್ತು.

"ಇನ್ನು ನನ್ನ ಕೈಲಿ ಆಗಲ್ಲ ಅಕ್ಕಾ. ಏನಾದ್ರೂ ಒಂದು ತೀರ್ಮಾನಕ್ಕೆ ಬನ್ನಿ."

ದನಿ ಟೈರಿನವನದು. ರಸ್ತೆಯ ಆಚೆ ಬದಿಯ ಹಳೆಯ ಟೈರ್ ಗೋದಾಮಿನಲ್ಲಿ ಮೇಷ್ಟ್ರಿಗೆ ಪೈಪೋಟಿಯಾಗಿ ಪೋಕರ್ ರೂಮು ತೆರೆದವನದು.

"ಇನ್ನೊಂದು ತಿಂಗಳು ತಡ್ಕೊಳ್ಳಿ. ಆಮೇಲೆ ನೋಡೋಣ," ಎಂದಿತು ಇನ್ನೊಂದು ದನಿ. "ಅವರ ಕಿವಿಗೆ ಮಾತ್ರ ಬೀಳಬಾರದು."

ಅದು ಮೇಷ್ಟ್ರ ಹೆಂಡತಿಯ ದನಿ. 'ಅವರು' ಯಾರೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಆಕೆಯ ಬಾಯಲ್ಲಿ 'ಅವರು' ಎಂದರೆ ಒಬ್ಬರೇ.

ಮೇಷ್ಟ್ರು ಸದ್ದಿಲ್ಲದೆ ಕೆಳಗಿಳಿದರು.

ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮಳೆ ಬರುವ ಸಂಭವ ನೂರಕ್ಕೆ ಎಷ್ಟು ಎಂದು ಹವಾಮಾನ ಕಚೇರಿಯಲ್ಲಿ ಲೆಕ್ಕ ಹಾಕಿ, ನಿವೃತ್ತಿಯಾದ ಮೇಲೆ ಪೋಕರ್ ರೂಮು ತೆರೆದವರು. ದುಡ್ಡು ಕಟ್ಟುವ ಆಟವಲ್ಲ. ಸದಸ್ಯರಿಗೆ ವರ್ಷಕ್ಕೊಂದು ಚಂದಾ, ಮೇಜಿನ ಮೇಲೆ ಬರೀ ಪ್ಲಾಸ್ಟಿಕ್ ಬಿಲ್ಲೆ. ಆಟಗಾರರು ಅವರನ್ನು ಮೇಷ್ಟ್ರು ಎಂದು ಕರೆದರು. ಗೌರವದಿಂದಲೇ ಇರಬೇಕು ಎಂದು ಅವರು ಖುಷಿಪಟ್ಟಿದ್ದರು.

ಮೊದಲ ವರ್ಷ ಆರು ಮೇಜೂ ತುಂಬಿರುತ್ತಿದ್ದವು. ಆಮೇಲೆ ನಾಲ್ಕಾದವು, ಎರಡಾದವು. ಕೊನೆಗೆ ಒಂದೇ ಮೇಜು. ಅದರಲ್ಲೂ ಕಿವಿ ಮಂದವಾಗಿದ್ದ ಒಬ್ಬ ಹಳೆಯ ಬಸ್ ಡ್ರೈವರ್ ಮಾತ್ರ ತಪ್ಪದೆ ಬರುತ್ತಿದ್ದ. ಮೇಷ್ಟ್ರು ಮೇಜುಗಳಿಗೆ ಹೊಸ ಹಸಿರು ಬಟ್ಟೆ ಹೊದಿಸಿದರು. ಕುರ್ಚಿಗೆ ದಿಂಬು ಹಾಕಿಸಿದರು. ಚಹಾದ ಜತೆಗೆ ಬಿಸ್ಕತ್ತು ಇಡಿಸಿದರು. ಬಿಸ್ಕತ್ತು ತಿಂದು ಮುಗಿಸಿದ್ದು ಡ್ರೈವರ್.

ಉಳಿದವರೆಲ್ಲ ರಸ್ತೆ ದಾಟಿ ಟೈರಿನವನ ಪಾಲಾಗಿದ್ದರು.

"ಅಲ್ಲೇನೋ ಗುಟ್ಟಿದೆ ಕಣ್ರೀ," ಎಂದಿದ್ದಳು ಹೆಂಡತಿ. "ನೀವೇ ಹೋಗಿ ಸದಸ್ಯರಾಗಿ. ದಿನಾ ಮಧ್ಯಾಹ್ನ ಕೂತು ನೋಡಿ. ಇಲ್ಲಿ ನಾನು ನೋಡ್ಕೊಳ್ತೀನಿ. ಆಟದ ಹೊತ್ತಲ್ಲಿ ಮಾತ್ರ ಈ ಕಡೆ ಬರಬೇಡಿ, ಗೂಢಚಾರ ಅಂತ ಅವರಿಗೆ ಅನುಮಾನ ಬಂದೀತು."

ಮೇಷ್ಟ್ರು ಹೋದರು. ನಿಷ್ಠೆಯಿಂದ ಹೋದರು. ಎರಡರಿಂದ ಆರರವರೆಗೆ, ಒಂದು ದಿನವೂ ತಪ್ಪಿಸದೆ.

ಅಲ್ಲಿ ಕಂಡದ್ದು ಅವರ ಹೊಟ್ಟೆ ಉರಿಸಿತು. ಔಷಧಿ ಅಂಗಡಿಯವನು ಎಲ್ಲಕ್ಕಿಂತ ಸಣ್ಣದಾದ ಎರಡರ ಜೋಡಿ ಹಿಡಿದುಕೊಂಡು ಇದ್ದಬದ್ದ ಬಿಲ್ಲೆಗಳನ್ನೆಲ್ಲ ನಡುವೆ ತಳ್ಳಿದ, ಸೋತ, ಹೊಟ್ಟೆ ಹಿಡಿದುಕೊಂಡು ನಕ್ಕ. ಎದುರಿಗಿದ್ದ ಹಲ್ಲಿನ ಡಾಕ್ಟರು ಮೇಜು ಗುದ್ದಿ ನಕ್ಕರು. ತಪ್ಪು ಎಲ್ಲಾಯಿತೆಂದು ಕೇಳುವವರು ಒಬ್ಬರೂ ಇಲ್ಲ.

ಮೇಷ್ಟ್ರ ಮನಸ್ಸು ತಡೆಯಲಿಲ್ಲ. ಶತ್ರುವಿನ ರೂಮಾದರೇನು, ಆಟ ಆಟವೇ. ಔಷಧಿ ಅಂಗಡಿಯವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಆ ಇಸ್ಪೀಟೆಲೆಗಳಿಗೆ ಗೆಲ್ಲುವ ಸಂಭವ ನೂರಕ್ಕೆ ಎಷ್ಟಿತ್ತೆಂದು ಚೀಟಿಯಲ್ಲಿ ಬರೆದು ಕೊಟ್ಟರು. ಮೂರು ಸಲ ಬಿಡಿಸಿ ಹೇಳಿದರು. ಮರುದಿನ ಡಾಕ್ಟರಿಗೂ ಹೇಳಿದರು. ಗೆದ್ದವರಿಗೂ, ಗೆದ್ದದ್ದು ಹೇಗೆ ತಪ್ಪು ಎಂದು ತೋರಿಸಿಕೊಟ್ಟರು.

ಸಂಜೆ ವರದಿ ಒಪ್ಪಿಸುತ್ತಿದ್ದರು. "ಗುಟ್ಟೂ ಇಲ್ಲ, ಗಿಟ್ಟೂ ಇಲ್ಲ. ಆಡೋಕೇ ಬರಲ್ಲ ಅವರಿಗೆ."

"ಇವತ್ತು ಎಷ್ಟು ಮೇಜು?" ಎಂದಷ್ಟೇ ಆಕೆ ಕೇಳುತ್ತಿದ್ದಳು.

ಮೊದಲ ವಾರ ಆರು. ಆಮೇಲೆ ನಾಲ್ಕು. ಕಳೆದ ವಾರ ಎರಡು.

"ಎಲ್ಲಿಗೆ ಹೋದರೋ ಗೊತ್ತಿಲ್ಲ," ಎಂದು ಮೇಷ್ಟ್ರು ತಲೆ ಕೆರೆದುಕೊಂಡಿದ್ದರು. "ಟೈರಿನವನಿಗೆ ರೂಮು ನಡೆಸೋಕೆ ಬರಲ್ಲ, ಅಷ್ಟೆ."

"ಇನ್ನೂ ಸ್ವಲ್ಪ ದಿನ ನೋಡಿ," ಎಂದಿದ್ದಳು ಆಕೆ, ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸುತ್ತ.

ಈ ಮಧ್ಯಾಹ್ನ ಟೈರಿನವನ ಬಾಗಿಲು ಹಾಕಿತ್ತು. ಕರೆಂಟಿಲ್ಲ, ಆಟವಿಲ್ಲ ಎಂದು ಚೀಟಿ ಅಂಟಿಸಿದ್ದ. ಪಕ್ಕದ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ಆಗಲೇ ಮೇಷ್ಟ್ರಿಗೆ ಅನುಮಾನ ಬಂದದ್ದು. ಆಗಲೇ ಅವರು ಹಿಂಬದಿಯ ಮೆಟ್ಟಿಲು ಹತ್ತಿದ್ದು.

ಈಗ ಎಲ್ಲವೂ ನಿಚ್ಚಳವಾಯಿತು. ತಮ್ಮನ್ನು ದಿನಾ ನಾಲ್ಕು ಗಂಟೆ ಹೊರಗೆ ಕಳಿಸಿ, ಬೆನ್ನ ಹಿಂದೆ ರೂಮು ಮಾರುವ ವ್ಯಾಪಾರ ಕುದುರಿಸುತ್ತಿದ್ದಾಳೆ. ಒಂದು ತಿಂಗಳಲ್ಲಿ ಕೈ ಬದಲಾಗುತ್ತದೆ. ಕಟ್ಟಿಕೊಂಡವಳೇ ಹೀಗೆ ಮಾಡಿದರೆ ಯಾರ ಮುಂದೆ ಹೇಳಿಕೊಳ್ಳುವುದು?

ಕಟ್ಟಡ ಸುತ್ತಿ ಬಂದು ಮುಂಬಾಗಿಲು ತಳ್ಳಿದರು.

ಐದು ಮೇಜು ತುಂಬಿದ್ದವು. ನಗು ಸೂರಿಗೆ ಮುಟ್ಟುತ್ತಿತ್ತು. ಔಷಧಿ ಅಂಗಡಿಯವನು ಅಲ್ಲಿದ್ದ, ಹಲ್ಲಿನ ಡಾಕ್ಟರು ಅಲ್ಲಿದ್ದರು. ಮೇಷ್ಟ್ರನ್ನು ಕಂಡದ್ದೇ ತಡ, ನಗು ನಿಂತಿತು. ಡಾಕ್ಟರಿಗೆ ಯಾರದೋ ಹಲ್ಲು ಕೀಳಬೇಕಿರುವುದು ನೆನಪಾಯಿತು. ಔಷಧಿ ಅಂಗಡಿಯವನು ಎಲೆಗಳನ್ನು ಎದೆಗೊತ್ತಿಕೊಂಡು ಗೋಡೆ ನೋಡತೊಡಗಿದ.

ಓಹೋ, ಟೈರಿನವನು ತನ್ನ ಗಿರಾಕಿಗಳನ್ನು ಆಗಲೇ ತಂದು ಕೂರಿಸಿಬಿಟ್ಟಿದ್ದಾನೆ ಎಂದುಕೊಂಡರು ಮೇಷ್ಟ್ರು. ಮುಖ ತೋರಿಸಲು ಇವರಿಗೆ ನಾಚಿಕೆ.

ಸದ್ದಡಗಿದ್ದಕ್ಕೆ ಹೆಂಡತಿ ಚಹಾ ಕೋಣೆಯಿಂದ ಇಳಿದು ಓಡಿಬಂದಳು. ಹಿಂದೆಯೇ ಟೈರಿನವನು.

"ಎಷ್ಟಕ್ಕೆ ಮಾತಾಯ್ತು?" ಎಂದರು ಮೇಷ್ಟ್ರು. "ನಾನು ಕಟ್ಟಿದ ರೂಮು ಇದು. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಹೆಂಡತಿ ಸೆರಗಿನ ತುದಿ ತಿರುಚಿದಳು. ಡ್ರೈವರ್ ಇನ್ನೊಂದು ಬಿಸ್ಕತ್ತು ಕಡಿದ.

ಕೊನೆಗೆ ಟೈರಿನವನೇ ಮುಂದೆ ಬಂದು ಕೈ ಮುಗಿದ.

"ಸಾರ್, ನಾನು ಕೇಳ್ತಿರೋದು ರೂಮಲ್ಲ. ನಿಮ್ಮನ್ನ ವಾಪಸ್ ಕರ್ಕೊಳ್ಳಿ ಅಂತ ಒಂದು ವಾರದಿಂದ ಬೇಡ್ಕೋತಿದ್ದೀನಿ, ಅಕ್ಕ ಒಪ್ತಾ ಇಲ್ಲ."