ಮೈ ನೆನೆಯುವಷ್ಟು

ಬಸವನಗುಡಿಯ ಈಜುಕೊಳದಿಂದ ಹೊರಬಂದ ಮುತ್ತುರಾಜ್ ಗೇಟಿನ ಬಳಿ ತಲೆ ಒರೆಸಿಕೊಳ್ಳುತ್ತಿದ್ದಾಗ ಯಾರೋ ಕೂಗಿದರು: "ಇಂಜಿನಿಯರ್ ಸಾರ್!"

ಅವನು ಟವೆಲನ್ನು ಗಬಕ್ಕನೆ ಚೀಲಕ್ಕೆ ತುರುಕಿದ. ಚಾಮರಾಜಪೇಟೆಯ ಒಂದಷ್ಟು ಬೀದಿಗಳಿಗೆ ನೀರು ಬಿಡಿಸುವುದು ಅವನ ಕೆಲಸ. ಈ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿದ ಮೇಲೆ ಅವನ ಫೋನು ಸುಮ್ಮನಿದ್ದದ್ದೇ ಇಲ್ಲ. ಸೈಕಲ್ ತುಳಿಯುತ್ತಲೇ ಟ್ಯಾಂಕರಿನವರೊಡನೆ ಜಗಳ; ಲಾಲ್‌ಬಾಗಿನಲ್ಲಿ ಓಡುತ್ತಲೇ ಮೇಲಧಿಕಾರಿಯಿಂದ ಬೈಗುಳ. ನಾಳೆ ಊರಾಚೆಯ ಕೆರೆಯ ಬಳಿ ಟ್ರಯಥ್ಲಾನ್. ಈಜು, ಸೈಕಲ್, ಓಟ, ಒಂದರ ಬೆನ್ನಿಗೆ ಒಂದು. ವರ್ಷವಿಡೀ ಕಾದಿದ್ದ ರೇಸು. ಈಗ ಮೈಯಲ್ಲಿ ಉಳಿದಿದ್ದದ್ದು ಸುಸ್ತು ಮಾತ್ರ.

"ಈ ಸಲ ಬಿಟ್ಬಿಡಿ. ಕನ್ನಡೀಲಿ ಮುಖ ನೋಡ್ಕೊಂಡಿದೀರಾ?" ಎಂದು ಹೆಂಡತಿ ಜ್ಯೋತಿಲಕ್ಷ್ಮಿ ಬೆಳಿಗ್ಗೆಯೂ ಹೇಳಿದ್ದಳು. ಇದನ್ನೂ ಬಿಟ್ಟರೆ ತನ್ನದು ಅಂತ ಏನು ಉಳಿಯುತ್ತದೆ ಎಂದುಕೊಂಡು ಅವನು ಚೀಲ ಹೆಗಲಿಗೇರಿಸಿದ್ದ.

ಕೂಗಿದವರು ಸುಬ್ಬಮ್ಮ. ನೀರು ಬರಲಿಲ್ಲವೆಂದು ಆಗಾಗ ಖಾಲಿ ಕೊಡ ಹಿಡಿದೇ ಅವನ ಕಚೇರಿಗೆ ಬಂದು ಕೂರುವ ಮುದುಕಿ. ಪಕ್ಕದಲ್ಲಿ ಮೊಮ್ಮಗಳು ಮೋನಿಷಾ, ಬೇಸಿಗೆ ಶಿಬಿರದ ಈಜು ಟೋಪಿ ಹಾಕಿಕೊಂಡು ನಿಂತಿದ್ದಳು. ನಮ್ಮ ನಲ್ಲಿ ಒಣಗಿರುವಾಗ ನೀವಿಲ್ಲಿ ಈಜಾಡ್ತಿದೀರಾ ಎಂದು ಎಲ್ಲರೆದುರು ಬೈಯುತ್ತಾರೆ ಎಂದು ಹೆದರಿ ಅವನೇ ಮೊದಲು ಬಾಯಿ ತೆರೆದ.

"ಇವತ್ತು ನಿಮ್ ಬೀದಿಗೆ ಬಿಡಿಸ್ತೀನಮ್ಮ. ಖಂಡಿತ."

ಸುಬ್ಬಮ್ಮ ಅವನ ಒದ್ದೆ ತಲೆಯನ್ನು ಕನಿಕರದಿಂದ ನೋಡಿದರು. "ನಿಮ್ಮನೇಲೂ ನೀರಿಲ್ವಾ ಸಾರ್?"

ಅವನಿಗೆ ಅರ್ಥವಾಗಲಿಲ್ಲ.

"ಇವಳನ್ನ ನಾನೇನು ಈಜು ಕಲೀಲಿ ಅಂತ ಸೇರಿಸಿಲ್ಲ. ದೊಡ್ಡೋಳಾಗ್ತಿದಾಳೆ. ದಿನಕ್ಕೊಂದ್ಸಲನಾದ್ರೂ ಮೈ ನೆನೀಲಿ ಅಂತ. ನಂಗೇನು, ಒದ್ದೆ ಬಟ್ಟೇಲಿ ಒರೆಸ್ಕೊಂಡ್ರೆ ಆಯ್ತು."

ಮೋನಿಷಾ ನಾಚಿಕೆಯಿಂದ ಅಜ್ಜಿಯ ಸೆರಗು ಜಗ್ಗಿದಳು. ಹೌದು, ನಮ್ಮನೆಯಲ್ಲೂ ಇಲ್ಲ ಎಂದು ಅವನು ಸುಳ್ಳು ಹೇಳಿದ.

ಅಲ್ಲಿಂದ ನೇರವಾಗಿ ಸುಬ್ಬಮ್ಮನ ಬೀದಿಗೆ ಹೋದ. ವಾಲ್ವ್ ತಿರುಗಿಸುವ ಬೈರಯ್ಯ ತಲೆಯಾಡಿಸಿದರು. "ಪ್ರೆಶರ್ರೇ ಇಲ್ಲ ಸಾರ್. ಮೇಲಿನ ಬೀದಿಗೆ ಬಂದ್ ಮಾಡಿದ್ರೆ ಇಲ್ಲಿಗೆ ಬರುತ್ತೆ. ಅವ್ರು ಸುಮ್ನಿರ್ತಾರಾ?"

"ಬಂದ್ ಮಾಡಿ. ಬೈಯೋರು ನನ್ನನ್ನ ಬೈಲಿ."

ನೀರು ಬೆರಳು ದಪ್ಪದಲ್ಲಿ ಬಂತು. ಬಿಂದಿಗೆಗಳ ಸಾಲು ಸರಿಯುತ್ತಾ ಹೋಯಿತು. ಮೇಲಿನ ಬೀದಿಯವರು ಫೋನಿನಲ್ಲಿ ಬೈದರು, ಆಮೇಲೆ ಎದುರಿಗೇ ಬಂದು ಬೈದರು. ಮುತ್ತುರಾಜ್ ಸಂಜೆಯವರೆಗೂ ಬಿಸಿಲಿನಲ್ಲಿ ನಿಂತು ಎರಡೂ ಬೀದಿಗಳಿಗೆ ಸಮಾಧಾನ ಹೇಳಿದ. ಮನೆಗೆ ಬಂದಾಗ ಕಾಲು ಮರಗಟ್ಟಿತ್ತು. ಜ್ಯೋತಿಲಕ್ಷ್ಮಿ ಊಟಕ್ಕೆ ಬಡಿಸಿದಳು.

ಆದರೂ ಮಾರನೆಯ ದಿನ ಅವನು ಕೆರೆಗಿಳಿದ. ಹೇಗೋ ಈಜಿದ, ಹೇಗೋ ಸೈಕಲ್ ತುಳಿದ. ಓಟದಲ್ಲಿ ಮುಕ್ಕಾಲು ದೂರ ನಡೆದೇ ಹೋದ. ಅವನು ಗುರಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು, ಪೆಂಡಾಲು ಬಿಚ್ಚುತ್ತಿದ್ದರು.

ಅಲ್ಲಿ ಹುಡುಗಿಯೊಬ್ಬಳು ತುಂಬಿದ ಡ್ರಮ್ಮಿನಿಂದ ನೀರು ಮೊಗೆದು, ಓಡಿ ಬಂದವರ ತಲೆಗೆ ಸುರಿಯುತ್ತಿದ್ದಳು. ಮುತ್ತುರಾಜ್ ಕೈ ಅಡ್ಡ ಹಿಡಿದ. "ಬೇಡಮ್ಮ, ಬೇಡ."

"ಅಯ್ಯೋ, ಬೇಕಾದಷ್ಟಿದೆ ಅಂಕಲ್," ಎಂದು ನಕ್ಕು ಅವಳು ಸುರಿದೇಬಿಟ್ಟಳು.

ತಣ್ಣನೆಯ ನೀರು ಕತ್ತಿನಿಂದ ಬೆನ್ನಿಗಿಳಿಯಿತು. ಸುಬ್ಬಮ್ಮನ ಒದ್ದೆ ಬಟ್ಟೆ ನೆನಪಾಯಿತು; ಆದರೂ ಇನ್ನೊಂದು ಮಗ್ಗು ಹಾಕಲಿ ಎನ್ನಿಸಿತು. ಅವನು ತಲೆ ಎತ್ತಲಾರದೆ ಹಾಗೇ ಬಗ್ಗಿ ನಿಂತ.